ಡಾಕ್ಟರಮ್ಮನ ಕ್ಯಾಂಪಿಗೆ ಬಂದ ಮಡಿಲಕ್ಕಿ

ಬೀದಿಯ ಹೆಂಗಸರನ್ನು ಒಂದು ಕಡೆ ಸೇರಿಸುವುದರಲ್ಲಿ ಏನು ಮಹಾ ಕಷ್ಟವಿದೆ ಎಂದು ನಾನು ನಂಬಿದ್ದೆ. ಚಾಮರಾಜನಗರದ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿನ ಸಿಸ್ಟರುಗಳು ನಮಗೆ ಮೆತ್ತಗೆ ಮಾತಾಡುವುದನ್ನು, ಕರವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದನ್ನು, ಹೇಳಲು ಸಂಕೋಚವಾಗುವ ವಿಷಯವನ್ನು ಮುಗುಳ್ನಗೆಯಲ್ಲೇ ದಾಟಿಸುವುದನ್ನು ಬಹಳ ಶ್ರದ್ಧೆಯಿಂದ ಕಲಿಸಿದ್ದರು. ಇಷ್ಟು ವಿದ್ಯೆಯ ಬಲದಿಂದ ಗುಂಡ್ಲುಪೇಟೆಯ ನಮ್ಮ ಬೀದಿಯ ಸ್ತ್ರೀಕುಲದ ಆರೋಗ್ಯವನ್ನು ಉದ್ಧಾರ ಮಾಡಲು ಹೊರಟೆ. ಧೈರ್ಯ ಎಂದರೆ ಇದು!

ನಮ್ಮ ಮನೆಯ ಡಾಕ್ಟರಮ್ಮ, ನನ್ನ ಮಗಳ ಮೊದಲ ಜ್ವರದಿಂದ ನನ್ನ ಯಜಮಾನರ ಮಂಡಿನೋವಿನವರೆಗೆ ಎಲ್ಲವನ್ನೂ ನೋಡಿದವರು, ಈಚೆಗೆ ಹೆಂಗಸರಿಗಾಗಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ. ಬೆಳಿಗ್ಗೆ ರಕ್ತಹೀನತೆಗೆ ನುಗ್ಗೆಸೊಪ್ಪು, ಮಧ್ಯಾಹ್ನ ಯಾವ ಬೀದಿಗೆ ನೀರು ಬಿಡುವುದಿಲ್ಲ ಎಂಬ ಸುದ್ದಿ, ಸಂಜೆ ಎದೆಯಲ್ಲಿ ಗಂಟಿದೆಯೇ ಎಂದು ನೋಡಿಕೊಳ್ಳುವ ಬಗೆ, ಅದರ ಬೆನ್ನಿಗೇ ಗೋಪಾಲಸ್ವಾಮಿ ಬೆಟ್ಟದಲ್ಲಿ ಯಾರಿಗೋ ಸಿಕ್ಕಿದ ಪರ್ಸಿನ ಫೋಟೋ. ಪ್ರತಿಯೊಂದಕ್ಕೂ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಾರೆ. ಓದುವವರು ಮಾತ್ರ ಯಾರೂ ಇಲ್ಲ.

ನಾನು ಓದುತ್ತೇನೆ. ಓದಿದ್ದರಿಂದಲೇ ಇಷ್ಟೆಲ್ಲ ಆಯಿತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಎಂದು ಅವರು ಒಂದು ದಿನ ಬರೆದರು. ಹಿಂದಿನ ವಾರವಷ್ಟೇ ಎದುರುಮನೆ ಮಹದೇವಮ್ಮ ನಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ತಮಗೂ ಹೀಗೇ ಕಾಣಿಸುತ್ತಿದೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಉಮ್ಮತ್ತೂರಿನಿಂದ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡವರು. ಬೀದಿಯಲ್ಲಿ ಯಾರಿಗೂ ಹೆದರದ ಹೆಂಗಸು. ಆಸ್ಪತ್ರೆ ಎಂದರೆ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ.

"ಅಲ್ಲೋಗಿ ಕುಂತ್ಕಂಡ್ರೆ ಕಂಡೋರೆಲ್ಲ ಏನಾಗದೆ ಅಂತ ಕೇಳ್ತರೆ ಕಣ ಶೈಲವ್ವ. ನಮ್ಮನೆ ಗಂಡಸ್ರ ಮುಂದೆ ನಾನೇನಂತ ಹೇಳ್ಲಿ? ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೆ, ಬುಡು" ಎಂದಿದ್ದರು.

ಮಹದೇವಮ್ಮ ಡಾಕ್ಟರ ಹತ್ತಿರ ಹೋಗುವುದಿಲ್ಲ. ಸರಿ, ಡಾಕ್ಟರೇ ಮಹದೇವಮ್ಮನ ಹತ್ತಿರ ಬರಲಿ! ನಮ್ಮ ಮನೆಯಲ್ಲೇ ಒಂದು ಕ್ಯಾಂಪ್ ಮಾಡಿದರೆ ಅವರು ಬೀದಿ ದಾಟಿದರೆ ಸಾಕು. ಹತ್ತು ಹೆಂಗಸರ ನಡುವೆ ಅವರೂ ಒಬ್ಬರು, ಯಾರಿಗೂ ಅನುಮಾನ ಬರುವುದಿಲ್ಲ. ಈ ಉಪಾಯ ಹೊಳೆದಾಗ ನನಗೆ ನನ್ನ ಮೇಲೆಯೇ ಗೌರವ ಉಕ್ಕಿ, ಒಲೆಯ ಮೇಲಿನ ಹಾಲೂ ಉಕ್ಕಿತು. ಡಾಕ್ಟರಮ್ಮ ಒಪ್ಪಿದರು. ಹಿಂದಿನ ಸಲ ಸಮುದಾಯ ಭವನದಲ್ಲಿ ಮಾಡಿದ ಕ್ಯಾಂಪಿಗೆ ತಾವು, ನರ್ಸು ಮತ್ತು ಒಂದು ಫ್ಯಾನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಜನ ಸೇರಿಸುವುದು ನಿಮ್ಮ ಜವಾಬ್ದಾರಿ ಎಂದರು. ನಾನು ಭರವಸೆ ಕೊಟ್ಟೆ.

ನಮ್ಮ ಕಡೆ ಹೆಂಗಸರನ್ನು ಕರೆಯಬೇಕಾದರೆ ಫೋನು ಸಾಲದು. ಹೊಸಿಲಲ್ಲಿ ನಿಂತು ಕುಂಕುಮ ಕೊಟ್ಟು ಕರೆಯಬೇಕು. ನಾನು ರೇಷ್ಮೆ ಸೀರೆ ಉಟ್ಟು, ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ಹೊರಟೆ. ಮೊದಲ ಮನೆಯಲ್ಲೇ ಸಂಕಟ. ಜಗಲಿಯ ಮೇಲೆ ಗಂಡಸರು ಸಾಲಾಗಿ ಕುಳಿತು ಪೇಪರ್ ಓದುತ್ತಿದ್ದಾರೆ! ಅವರ ಎದುರಿಗೆ ಗರ್ಭಕೋಶ, ಮುಟ್ಟು, ಸ್ತನ ಎಂಬ ಪದಗಳನ್ನು ನನ್ನ ನಾಲಿಗೆ ಹೇಗೆ ಆಡೀತು? ಕುಂಕುಮ ಕೊಟ್ಟು, ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ಹೆಂಗಸರು ಮಾತ್ರ, ಲೇಡಿ ಡಾಕ್ಟರೂ ಬರುತ್ತಾರೆ ಎಂದೆ. ಆ ಮನೆಯಾಕೆ ಏನು ವಿಶೇಷ ಎಂದು ಕೇಳಿದರು. ನನ್ನ ಮುಖ ಕೆಂಪಾಯಿತು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತಾ, ಬನ್ನಿ, ಅಲ್ಲೇ ಹೇಳ್ತೀನಿ ಎಂದು ಮುಗುಳ್ನಕ್ಕೆ. ಹೀಗೆಯೇ ಪ್ರತಿ ಮನೆಯಲ್ಲೂ. ಮಹದೇವಮ್ಮನಿಗೂ ಅಷ್ಟೇ, ನಿಜ ಹೇಳಿದರೆ ಬಾರದೆ ಉಳಿದಾರು ಎಂಬ ಭಯ. ಎಂಥ ನಾಜೂಕಿನ ಕೆಲಸ ಎಂದು ಬೀಗುತ್ತಾ ಮನೆಗೆ ಬಂದೆ.

ಮಾರನೆಯ ದಿನದಿಂದ ಬೀದಿ ನನ್ನನ್ನು ನೋಡುವ ರೀತಿಯೇ ಬದಲಾಯಿತು. ಅಂಗಡಿಯಿಂದ ಅಕ್ಕಿ ಚೀಲ ಹೊತ್ತು ಬರುತ್ತಿದ್ದರೆ ಯಾರೋ ಓಡಿಬಂದು ಕಸಿದುಕೊಂಡರು. ಪಕ್ಕದ ಮನೆಯಿಂದ ಉಪ್ಪು ಖಾರ ಸವರಿದ ಮಾವಿನಕಾಯಿ ಹೋಳು ಬಂತು. ಆಟೋದವನು ಪ್ರತಿ ಹಂಪಿನ ಮುಂದೆಯೂ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ ನೋಡಿ, ಅಪ್ಪಣೆ ಪಡೆದಂತೆ ದಾಟಿಸಿದ. ಹಣ್ಣಿನ ಗಾಡಿಯವಳು ನಾನು ಆರಿಸಿದ ಪರಂಗಿಹಣ್ಣನ್ನು ಕೈಯಿಂದ ತೆಗೆದು ಹಿಂದಕ್ಕೆ ಇಟ್ಟು, "ಇದು ನಿಮ್ಗೆ ಈಗ ಬ್ಯಾಡ ಕಣಕ್ಕ, ದಾಳಿಂಬೆ ತಕ್ಕಳಿ" ಎಂದಳು. ಸಮಾಜಸೇವೆಗೆ ಇಳಿದವರನ್ನು ಜನ ಎಷ್ಟು ಗೌರವಿಸುತ್ತಾರೆ ಎಂದು ನನ್ನ ಕಣ್ಣು ಒದ್ದೆಯಾಯಿತು!

ಯಜಮಾನರು ಸಂಜೆ ಆಫೀಸಿನಿಂದ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ಸಹೋದ್ಯೋಗಿಗಳೆಲ್ಲ ಕೈಕುಲುಕಿ ಅಭಿನಂದಿಸಿ ಕೊಟ್ಟರಂತೆ. ಇವರಿಗೆ ಹೆಮ್ಮೆಯೋ ಹೆಮ್ಮೆ.

"ನೀವೇನಂದ್ರಿ?" ಎಂದೆ.

"ನನ್ನದೇನೂ ಪಾತ್ರ ಇಲ್ಲಪ್ಪ, ಎಲ್ಲಾ ಅವಳೂ ಆ ಡಾಕ್ಟರೂ ಸೇರಿ ಮಾಡ್ಕೊಂಡಿದ್ದು ಅಂದೆ. ಯಾಕೋ ಎಲ್ಲರೂ ಸುಮ್ಮನಾಗಿಬಿಟ್ರು."

ವಿನಯಕ್ಕೆ ಬೆಲೆಯಿಲ್ಲದ ಕಾಲ ಎಂದು ನಾವಿಬ್ಬರೂ ಮೈಸೂರುಪಾಕು ತಿಂದೆವು.

ಭಾನುವಾರ ಬಾಗಿಲು ತೆಗೆದರೆ ಬೀದಿಗೆ ಬೀದಿಯೇ ಬಂದು ನಿಂತಿದೆ! ಎಲ್ಲರೂ ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ. ಕೈಯಲ್ಲಿ ತಟ್ಟೆಗಳು, ತಟ್ಟೆಗಳಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದ ಅಚ್ಚು, ಹಸಿರು ಗಾಜಿನ ಬಳೆ. ಎಲ್ಲರಿಗಿಂತ ಮುಂದೆ ಮಹದೇವಮ್ಮ. ಬಿ.ಪಿ. ನೋಡಿಸಿಕೊಳ್ಳಲು ಬೆಲ್ಲದ ಅಚ್ಚು ಯಾಕೆ ಎಂದು ನಾನು ಯೋಚಿಸುವಷ್ಟರಲ್ಲಿ, ಡಾಕ್ಟರಿಗೆಂದು ಹಾಕಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ಇಬ್ಬರು ಎರಡು ಕೈ ಹಿಡಿದು ಬಳೆ ಏರಿಸತೊಡಗಿದರು. ಮಹದೇವಮ್ಮ ನನ್ನ ಸೆರಗು ಹರಡಿ ಅಕ್ಕಿ ತುಂಬುತ್ತಾ, "ದಿನಾ ಒಟ್ಗೆ ಕುಂತು ಅವರೆಕಾಯ್ ಸುಲ್ದೊ. ನನ್ಗೂ ಒಂದ್ ಮಾತು ಹೇಳ್ನಿಲ್ವಲ್ಲ ಕಣವ್ವ" ಎಂದು ಮುನಿಸಿಕೊಂಡರು.

ಆಗ ತಿಳಿಯಿತು. ಕುಂಕುಮ, ಹೆಂಗಸರು ಮಾತ್ರ, ಲೇಡಿ ಡಾಕ್ಟರು, ನನ್ನ ನಾಚಿಕೆ, ಹೊಟ್ಟೆಯ ಮೇಲಿನ ಸೆರಗು! ನಲವತ್ತು ದಾಟಿ, ಮಗಳು ಮೈಸೂರಿನ ಹಾಸ್ಟೆಲ್ಲಿನಲ್ಲಿ ಡಿಗ್ರಿ ಓದುತ್ತಿರುವಾಗ, ನನಗೆ ಸೀಮಂತ ನಡೆಯುತ್ತಿದೆ!

ಅಲ್ಲ ಎಂದೆ. ನನ್ನ ಕಾನ್ವೆಂಟಿನ ದನಿ ಆರತಿಯ ಹಾಡಿನಲ್ಲಿ ಯಾರಿಗೆ ಕೇಳಬೇಕು? ಆ ಹೊತ್ತಿಗೆ ಸರಿಯಾಗಿ ಡಾಕ್ಟರಮ್ಮ ಬಿ.ಪಿ. ಮೆಷೀನು ಹಿಡಿದು ಒಳಗೆ ಬಂದರು. ಮೊಣಕೈವರೆಗೆ ಹಸಿರು ಬಳೆ ತೊಟ್ಟು, ಮಡಿಲ ತುಂಬ ಅಕ್ಕಿ ಹೊತ್ತು ಕುಳಿತ ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ಹತ್ತಿರ ಬಂದು, "ಏನ್ರೀ, ಇದು ನನಗೂ ಗೊತ್ತಿಲ್ವಲ್ಲ" ಎಂದರು. ನಾನು ಅವರ ಕಿವಿಯಲ್ಲಿ ಎಲ್ಲವನ್ನೂ ಉಸುರಿದೆ. ಅವರು ಗೋಡೆಗೆ ತಿರುಗಿ ಭುಜ ಕುಣಿಸುತ್ತಾ ನಕ್ಕರು. ಆಮೇಲೆ ಬೀದಿಬಾಗಿಲು ಹಾಕಿಸಿ, ನಾನು ಹೊಸಿಲು ಹೊಸಿಲಿನಲ್ಲೂ ನುಂಗಿದ ಪದಗಳನ್ನೆಲ್ಲ ಒಂದೂ ಬಿಡದೆ ಗಟ್ಟಿಯಾಗಿ ಹೇಳಿ, ಇವತ್ತಿನ ಕಾರ್ಯಕ್ರಮ ಅದು, ಇದಲ್ಲ ಎಂದರು.

ಒಬ್ಬಾಕೆ ನನ್ನ ಹೊಟ್ಟೆಯನ್ನು ದಿಟ್ಟಿಸಿ, ಹಾಗಾದರೆ ಇದೇನು ಎಂದರು. ನಾನು ಮಡಿಲಕ್ಕಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. ನಗು ಸಿಡಿಯಿತು. ನಗು ಮುಗಿದ ಮೇಲೆ ಒಬ್ಬೊಬ್ಬರೇ ಮೆಲ್ಲಗೆ ತಟ್ಟೆ ಎತ್ತಿಕೊಂಡರು. ಮಹದೇವಮ್ಮನೂ ಎದ್ದರು. ಇಷ್ಟೆಲ್ಲ ಮಾಡಿದ್ದೇ ಅವರಿಗಾಗಿ!

ಡಾಕ್ಟರಮ್ಮನಿಗೆ ಊರಿನ ನಾಡಿ ಗೊತ್ತು. ಶುಭಕ್ಕೆಂದು ಬಂದು ತಾಂಬೂಲ ತೆಗೆದುಕೊಳ್ಳದೆ ಹೋಗುವುದುಂಟೇ ಎಂದರು. ನಾನು ಜೋಡಿಸಿಟ್ಟಿದ್ದ ಎಲೆ, ಅಡಿಕೆ, ಬಾಳೆಹಣ್ಣಿನ ಹರಿವಾಣವನ್ನು ಎತ್ತಿಕೊಂಡು ನಮ್ಮ ಮಲಗುವ ಕೋಣೆಗೆ ಹೋದರು. ತಾಂಬೂಲ ಒಳಗೆ ಮಾತ್ರ, ಒಬ್ಬೊಬ್ಬರಾಗಿ ಬನ್ನಿ! ಎಲೆ ಅಡಿಕೆ ಬಿಟ್ಟು ಹೋಗುವ ಎದೆಗಾರಿಕೆ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಎಲ್ಲರೂ ಸಾಲಾಗಿ ಕುಳಿತರು. ಮಹದೇವಮ್ಮನ ಸರದಿ ಬಂತು, ಬಾಗಿಲು ಮುಚ್ಚಿತು. ಬೇರೆ ಯಾರಿಗೂ ಆ ಬಾಗಿಲು ಅಷ್ಟು ಹೊತ್ತು ಮುಚ್ಚಿರಲಿಲ್ಲ.

ಹೊರಗೆ ಬಂದವರು ನನ್ನನ್ನು ಹಿತ್ತಲಿಗೆ ಎಳೆದೊಯ್ದರು. ಮೈಸೂರಿನಲ್ಲಿ ಸ್ಕ್ಯಾನಿಂಗ್ ಆಗಬೇಕಂತೆ, ಇದೇ ವಾರ.

"ಓಯ್ತೀನಿ. ನೀನು ಬಂದ್ರೆ ಮಾತ್ರ. ಮನೇಲಿ ನಮ್ ಶೈಲವ್ವುಂಗೆ ಸ್ಕ್ಯಾನಿಂಗು, ಜೊತೆಗೋಯ್ತಿವ್ನಿ ಅಂದ್ಬುಡ್ತೀನಿ. ಗಂಡಸ್ರೆಲ್ಲ ನಿನ್ನ ಬಸ್ರಿ ಅಂತ್ಲೇ ಅಂದ್ಕಂಡವ್ರೆ. ಇನ್ನೊಂದೆರಡು ವಾರ ಹಂಗೇ ಇದ್ಬುಡವ್ವ."

ಸುಳ್ಳು ಹೇಳಬಾರದು ಎಂದು ಸಿಸ್ಟರುಗಳು ಕಲಿಸಿದ್ದರು. ಸುಮ್ಮನೆ ಬಸುರಿಯಾಗಿರಬಾರದು ಎಂದು ಯಾರೂ ಕಲಿಸಿರಲಿಲ್ಲ! ಒಪ್ಪಿಕೊಂಡೆ. ಬೀದಿಯ ಹೆಂಗಸರೆಲ್ಲ ಯಾರೂ ಹೇಳದೆಯೇ ಅರ್ಥಮಾಡಿಕೊಂಡು ಬಾಯಿಗೆ ಬೀಗ ಹಾಕಿದರು. ಬಸ್ಸಿನಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರು ಎದ್ದು ನನಗೆ ಸೀಟು ಕೊಟ್ಟರು. ಅವರು ನೋಡುತ್ತಿರುವವರೆಗೂ ಸೊಂಟ ಹಿಡಿದು ಕುಳಿತಿದ್ದೆ. ಮಹದೇವಮ್ಮ ಪಕ್ಕದಲ್ಲಿ ಒತ್ತಿಕೊಂಡು, ದಾರಿಯುದ್ದಕ್ಕೂ ನನ್ನ ಹಸಿರು ಬಳೆಯ ಕೈಯನ್ನು ಬಿಡಲೇ ಇಲ್ಲ. ಅವರ ಅಂಗೈ ತಣ್ಣಗಿತ್ತು.

ಒಳಗಿದ್ದದ್ದು ಸಣ್ಣ ದುರ್ಮಾಂಸ. ತೆಗೆದರು, ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇಲ್ಲ ಎಂದು ವರದಿ ಬಂದ ದಿನ ನಾವಿಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆವು. ಆಮೇಲೆ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆವು. ಡಾಕ್ಟರಮ್ಮ ಗ್ರೂಪಿನಲ್ಲಿ ಯಾರ ಹೆಸರನ್ನೂ ಹೇಳದೆ ಕ್ಯಾಂಪು ಯಶಸ್ವಿಯಾಯಿತೆಂದು ಬರೆದರು. ನಾನು ಅದನ್ನು ಮತ್ತೆ ಮತ್ತೆ ಓದಿದೆ!

ಉಳಿದದ್ದು ನನ್ನ ಬಸಿರು. ಅದನ್ನು ಹೇಗಾದರೂ ಮುಗಿಸಬೇಕಲ್ಲ? ಆ ಹೊಣೆಯನ್ನು ಮಹದೇವಮ್ಮ ತಾವೇ ಹೊತ್ತರು. ಮಾರನೆಯ ಸಂಜೆ ಯಜಮಾನರು ಆಫೀಸಿನಿಂದ ಒಂದು ಪೊಟ್ಟಣ ಓಮಿನಕಾಳು ಹಿಡಿದು, ಜೋಲುಮೋರೆ ಹಾಕಿಕೊಂಡು ಬಂದರು. ಸಹೋದ್ಯೋಗಿಗಳೆಲ್ಲ ಬೆನ್ನು ತಟ್ಟಿ ಸಮಾಧಾನ ಹೇಳಿ ಕೊಟ್ಟರಂತೆ.

ನಾನು ಕಿಟಕಿಯಿಂದ ಇಣುಕಿದೆ. ಎದುರು ಜಗಲಿಯಲ್ಲಿ ಬೀದಿಯ ಗಂಡಸರೆಲ್ಲ ಸೇರಿದ್ದರು. ಮಹದೇವಮ್ಮ ನಡುವೆ ನಿಂತು, ಊರಿಗೇ ಕೇಳುವ ಹಾಗೆ ಹೇಳುತ್ತಿದ್ದರು:

"ಮೈಸೂರ್ಗಂಟ ಓಗಿ ಸ್ಕ್ಯಾನ್ ಮಾಡ್ಸುದ್ರೆ, ಪಾಪ, ಬರೀ ಗ್ಯಾಸು ಕಣ."