ಹತ್ತು ಗೆರೆ ಹಿಂದೆ ಸರಿದ ನೆರಳು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹಿತ್ತಾಳೆ ತಟ್ಟೆಗೆ ಹಿಡಿದ ಹಸಿರು ಕಿಲುಬು. ಶಾಲೆಯ ಅಂಗಳದ ನಡುವೆ ಕಲ್ಲುಕಂಬದ ಮೇಲೆ ಒಂದು ನೆರಳು ಗಡಿಯಾರವಿತ್ತು. ಗುಂಡನೆಯ ತಟ್ಟೆ, ಸುತ್ತಲೂ ಗಂಟೆಗೆ ನಾಲ್ಕರಂತೆ ಹೊತ್ತಿನ ಗೆರೆಗಳು, ನಡುವೆ ಓರೆಯಾಗಿ ನಿಂತ ರೆಕ್ಕೆ. ರೆಕ್ಕೆಯ ನೆರಳು ಯಾವ ಗೆರೆಯ ಮೇಲೆ ಬೀಳುತ್ತದೋ ಅಷ್ಟು ಹೊತ್ತಾಯಿತು ಎಂದು ಲೆಕ್ಕ. ಅದನ್ನು ಕೂರಿಸಿದವರು ಹೆಡ್ಮಾಸ್ಟರು. ಶಾಲೆಯ ಮಕ್ಕಳನ್ನೆಲ್ಲ ಒಟ್ಟಿಗೆ ತೂಗಿದರೂ ಅವರಿಗೆ ಆ ತಟ್ಟೆಯ ಮೇಲೇ ಒಂದು ಕೈ ಹೆಚ್ಚಿಗೆ ಪ್ರೀತಿ. ಅದನ್ನು ಮುಟ್ಟಿದವರು ಯಾರೇ ಆಗಲಿ, ಗೇಟಿನಾಚೆಗೆ ಹೋಗಬೇಕು. ಚೆಂಡು ತಾಗಿಸಿದ ತಪ್ಪಿಗೆ ಡ್ರಿಲ್ ಮೇಷ್ಟ್ರೊಬ್ಬರು ಹಾಗೆ ಹೋಗಿಯೂ ಇದ್ದರು.

ಅಂಥ ತಟ್ಟೆಯನ್ನು ಅವತ್ತು ಬೆಳಿಗ್ಗೆ ವಿಜ್ಞಾನದ ಮೇಷ್ಟ್ರು ಬಿಚ್ಚಿದರು. ಮಕ್ಕಳ ಬಾಯಲ್ಲಿ ಅವರು ಗ್ರಹಣದ ಮೇಷ್ಟ್ರು. ಪಾಠ ಕಪ್ಪೆಯ ಹೊಟ್ಟೆಯಿಂದ ಶುರುವಾದರೂ ಗಂಟೆ ಹೊಡೆಯುವ ಹೊತ್ತಿಗೆ ಸೂರ್ಯ ಚಂದ್ರರ ಹತ್ತಿರ ಬಂದು ನಿಂತಿರುತ್ತಿತ್ತು. ತಟ್ಟೆ ಬಿಚ್ಚುವುದಕ್ಕೆ ಅವರಿಗೆ ತಕ್ಕ ಕಾರಣವಿತ್ತು. ಹೆಡ್ಮಾಸ್ಟರಿಗೆ ಬೆನ್ನಿನ ಮೇಲೆ ಕುರು ಎದ್ದು ತಿಂಗಳುಗಟ್ಟಲೆ ಕುರ್ಚಿಗೆ ಒರಗಲಾಗಿರಲಿಲ್ಲ. ಡಾಕ್ಟರು ಅದನ್ನು ಕೊಯ್ದು, ಇನ್ನು ಮನೆಯಲ್ಲಿರಿ ಎಂದಿದ್ದರು. ಅವತ್ತು ಹನ್ನೊಂದು ಗಂಟೆಗೆ ಇಡೀ ಶಾಲೆಯ ಮುಂದೆ ಅವರು ನಿವೃತ್ತಿ ಘೋಷಿಸಿ, ತಮ್ಮ ಜಾಗವನ್ನು ಗ್ರಹಣದ ಮೇಷ್ಟ್ರಿಗೆ ಒಪ್ಪಿಸುವವರಿದ್ದರು. ಆ ಕುರ್ಚಿಗಾಗಿ ಮೇಷ್ಟ್ರು ಕಾದು ಕಾದು ಕೂದಲು ಬಿಳಿ ಮಾಡಿಕೊಂಡಿದ್ದರು. ಹೆಂಡತಿ ಆಗಲೇ ತವರಿನವರಿಗೆಲ್ಲ ಸುದ್ದಿ ಮುಟ್ಟಿಸಿ, ಹೆಡ್ಮಾಸ್ಟರ ಹೆಂಡತಿ ನಡೆಯುವ ಹಾಗೆ ನಡೆಯಲು ಶುರುಮಾಡಿದ್ದಳು. ಇಂಥ ದಿನ ಅಂಗಳದ ನಡುವೆ ಕಿಲುಬು ಹಿಡಿದ ತಟ್ಟೆ ಇದ್ದರೆ ಚೆನ್ನಾಗಿರುತ್ತದೆಯೇ?

ಪ್ರಯೋಗಶಾಲೆಯ ಆಮ್ಲ ತಾಗಿಸಿ ತಿಕ್ಕಿದ್ದೇ ತಡ, ತಟ್ಟೆ ಥಳಥಳ ಹೊಳೆಯಿತು. ಆದರೆ ತಿರುಗಿ ಕೂರಿಸುವಾಗ ಸೂರ್ಯ ಇನ್ನೂ ಕಟ್ಟಡದ ಹಿಂದೆಯೇ ಇದ್ದ. ಯಾವ ಕಡೆಗೆ ಎಷ್ಟು ತಿರುಗಿತ್ತೆಂಬುದನ್ನು ಮೇಷ್ಟ್ರು ಗುರುತು ಮಾಡಿಕೊಂಡಿರಲಿಲ್ಲ. ದೂರದಲ್ಲಿ ಯಾರೋ ಕೆಮ್ಮಿದ ಸದ್ದು ಕೇಳಿ, ಅಂದಾಜಿನ ಮೇಲೆ ಇಟ್ಟು, ತಿರುಪನ್ನು ಬೆರಳಲ್ಲೇ ಬಿಗಿದು ಅಲ್ಲಿಂದ ಕಾಲುಕಿತ್ತರು.

ಹನ್ನೊಂದಕ್ಕೆ ಮಕ್ಕಳು, ಮೇಷ್ಟ್ರುಗಳು ಎಲ್ಲ ಅಂಗಳದಲ್ಲಿ ಸೇರಿದರು. ಹೆಡ್ಮಾಸ್ಟರು ಬರುವ ಮೊದಲೇ ಬೈಬಲ್ ಪಾಠದ ಟೀಚರಮ್ಮ ಗಡಿಯಾರದ ಹತ್ತಿರ ಹೋದವರು ಹಾಗೇ ನಿಂತುಬಿಟ್ಟರು. ಕೈಗಡಿಯಾರ ನೋಡಿದರು, ತಟ್ಟೆ ನೋಡಿದರು, ಬೆರಳಿಟ್ಟು ಗೆರೆ ಎಣಿಸಿದರು. ಆಮೇಲೆ ಹೇಳಿದರು: "ನೆರಳು ಹತ್ತು ಗೆರೆ ಹಿಂದೆ ಹೋಗಿದೆ. ಬೈಬಲಿನ ಹಿಜ್ಕೀಯ ರಾಜನ ಕಾಲದಲ್ಲಿ ಆದದ್ದೇ ಈಗ ನಮ್ಮ ಶಾಲೆಯಲ್ಲಿ ಆಗಿದೆ."

ಆಗಲೇ ಲೆಕ್ಕದ ಮೇಷ್ಟ್ರು ಮುಂದೆ ಬಂದರು. ಆ ಕುರ್ಚಿಯ ಮೇಲೆ ಅವರಿಗೂ ಒಂದು ಕಣ್ಣಿತ್ತು. ಪವಾಡವೂ ಇಲ್ಲ ಗಿವಾಡವೂ ಇಲ್ಲ, ಯಾರೋ ತಟ್ಟೆಗೆ ಕೈ ಹಾಕಿದ್ದಾರೆ, ನೋಡಿ ಹೇಗೆ ಹೊಳೆಯುತ್ತಿದೆ ಎನ್ನುತ್ತ ಅವರು ತಿರುಪು ನೋಡಲು ಬಗ್ಗಿದರು. ಹೆಡ್ಮಾಸ್ಟರು ಅದೇ ಹೊತ್ತಿಗೆ ಕೋಲೂರಿಕೊಂಡು ಬಂದು, "ಕೈ ಹಾಕಿದವರು ಯಾರು?" ಎಂದರು.

ಮುಳುಗುವವನಿಗೆ ಹಗ್ಗ ಸಿಕ್ಕಂತೆ ಗ್ರಹಣದ ಮೇಷ್ಟ್ರಿಗೆ ಖಗೋಳಶಾಸ್ತ್ರ ಸಿಕ್ಕಿತು. "ಯಾರೂ ಮುಟ್ಟಿಲ್ಲ ಸರ್," ಎಂದು ಅವರು ಲೆಕ್ಕದ ಮೇಷ್ಟ್ರಿಗೂ ಕಂಬಕ್ಕೂ ನಡುವೆ ಹೋಗಿ ನಿಂತರು. "ಇದು ಆಕಾಶದ ಕೆಲಸ. ನಾನು ವಿವರಿಸ್ತೀನಿ."

ಅವತ್ತು ಮೇಲೆ ಹಿಂಜಿದ ಹತ್ತಿಯಂಥ ತೆಳು ಮೋಡ ಹರಡಿದ್ದು ಅವರ ಪುಣ್ಯ. ಎತ್ತರದ ಮೋಡದಲ್ಲಿ ಮಂಜಿನ ಹರಳುಗಳಿರುತ್ತವೆ, ಅವು ಬೆಳಕನ್ನು ಬಗ್ಗಿಸಿ ಸೂರ್ಯನ ಪಕ್ಕದಲ್ಲಿ ಇನ್ನೊಂದು ಹುಸಿಸೂರ್ಯನನ್ನು ತೋರಿಸುತ್ತವೆ, ನಿಜವಾದ ಸೂರ್ಯ ಮರೆಯಾದಾಗ ಹುಸಿಸೂರ್ಯನ ಬೆಳಕೇ ನೆರಳು ಹಾಕುತ್ತದೆ ಎಂದು ಅವರು ಬಡಬಡನೆ ಹೇಳಿದರು. ಹಿಜ್ಕೀಯನ ಕಾಲದ ನೆರಳಿಗೂ ಕೆಲವರು ಇದೇ ಕಾರಣ ಕೊಡುತ್ತಾರೆ, ಇನ್ನು ಕೆಲವರು ಅರೆಗ್ರಹಣ ಎನ್ನುತ್ತಾರೆ ಎಂದೂ ಸೇರಿಸಿದರು.

ಲೆಕ್ಕದ ಮೇಷ್ಟ್ರು ತಲೆಯೆತ್ತಿ, "ನನಗೆ ಕಾಣ್ತಿರೋದು ಒಂದೇ ಸೂರ್ಯ," ಎಂದರು.

"ಅದೇ ಹುಸಿಸೂರ್ಯ. ನಿಜವಾದದ್ದು ಮೋಡದ ಹಿಂದಿದೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಲೆಕ್ಕದ ಮೇಷ್ಟ್ರು ಸುಮ್ಮನಾಗುವ ಜಾತಿಯಲ್ಲ. ಹಾಗಾದರೆ ಬೈಬಲಿನ ಯೆಹೋಶುವ ಯುದ್ಧದ ನಡುವೆ ಸೂರ್ಯನನ್ನು ನಿಲ್ಲಿಸಿದ್ದು ಹೇಗೆ ಎಂದು ಕೇಳಿದರು. ಅದು ಕಂಕಣಗ್ರಹಣವಿರಬಹುದು, ಸೂರ್ಯ ನಿಂತ ಎಂಬ ಮಾತಿಗೆ ಸೂರ್ಯ ಬೆಳಗುವುದನ್ನು ನಿಲ್ಲಿಸಿದ ಎಂದು ಅರ್ಥ ಮಾಡುವವರಿದ್ದಾರೆ ಎಂಬ ಉತ್ತರ ಬಂತು. ಯೇಸು ಹುಟ್ಟಿದಾಗ ಮೂಡಣದ ಜೋಯಿಸರಿಗೆ ದಾರಿ ತೋರಿದ ನಕ್ಷತ್ರ? ಗುರು ಮತ್ತು ಶನಿ ಆಕಾಶದಲ್ಲಿ ಹತ್ತಿರ ಬಂದು ಸರಿದು ಮತ್ತೆ ಬಂದದ್ದಿರಬಹುದು. ಯೇಸುವನ್ನು ಶಿಲುಬೆಗೇರಿಸಿದ ದಿನ ಮಧ್ಯಾಹ್ನವೇ ಕತ್ತಲಾದದ್ದು ಸೂರ್ಯಗ್ರಹಣ ತಾನೇ ಎಂದು ಲೆಕ್ಕದ ಮೇಷ್ಟ್ರು ಬಲೆ ಬೀಸಿದರು. ಗ್ರಹಣದ ಮೇಷ್ಟ್ರು ನಕ್ಕರು. ಆಗ ಹುಣ್ಣಿಮೆ, ಸೂರ್ಯಗ್ರಹಣವಾಗುವುದು ಅಮಾವಾಸ್ಯೆಗೆ, ಗ್ರಹಣವಲ್ಲದ್ದನ್ನು ಗ್ರಹಣವೆನ್ನಲು ನಾನೇನು ಲೆಕ್ಕದ ಮೇಷ್ಟ್ರೇ ಎಂದು ಕೇಳಿ ಅಂಗಳವನ್ನೇ ನಗಿಸಿದರು. ಇಷ್ಟು ವರ್ಷ ಯಾರೂ ಪೂರ್ತಿ ಕೇಳದಿದ್ದ ಪಾಠವನ್ನು ಇಡೀ ಶಾಲೆ ಬಾಯಿಬಿಟ್ಟುಕೊಂಡು ಕೇಳುತ್ತಿತ್ತು. ಅವರು ಎದೆ ಉಬ್ಬಿಸಿದರು.

ಉಬ್ಬಿದ ಎದೆಯ ಮೇಲೆ ಹೆಡ್ಮಾಸ್ಟರ ಒಂದೇ ಪ್ರಶ್ನೆ ಬಂಡೆಯಂತೆ ಬಿತ್ತು. "ಸರಿ, ನೆರಳು ತಿರುಗಿ ತನ್ನ ಜಾಗಕ್ಕೆ ಬರೋದು ಯಾವಾಗ?"

ಎಲ್ಲರ ಕಣ್ಣೂ ತಟ್ಟೆಯ ಮೇಲೆ ನೆಟ್ಟಿತ್ತು. ಮೇಷ್ಟ್ರು ಆಕಾಶವನ್ನೊಮ್ಮೆ ನೋಡಿದರು. "ಈಗಲೇ ಸರ್. ಆದ್ರೆ ಹುಸಿಸೂರ್ಯ ಕರಗೋ ಹೊತ್ತಲ್ಲಿ ಬೆಳಕು ಕಣ್ಣಿಗೆ ಕುಕ್ಕುತ್ತೆ. ಮಕ್ಕಳಿರೋ ಜಾಗ. ನಾನು ಹೇಳೋವರೆಗೂ ಎಲ್ಲರೂ ಕಣ್ಣು ಮುಚ್ಕೊಂಡ್ರೆ ಒಳ್ಳೇದು."

ಕಣ್ಣು ಮುಚ್ಚಿ ಎಂದದ್ದೇ ಸಾಕಾಯಿತು, ಟೀಚರಮ್ಮ ತಡಮಾಡದೆ ಪ್ರಾರ್ಥನೆ ಶುರುಮಾಡಿದರು. ಪ್ರಾರ್ಥನೆಯ ನಡುವೆ ಕಣ್ಣು ತೆರೆಯುವ ಧೈರ್ಯ ಆ ಶಾಲೆಯಲ್ಲಿ ಯಾರಿಗೂ ಇರಲಿಲ್ಲ, ಲೆಕ್ಕದ ಮೇಷ್ಟ್ರಿಗೂ ಕೂಡ. ಟೀಚರಮ್ಮನ ಪ್ರಾರ್ಥನೆ ಉದ್ದವೆಂದು ಗೊಣಗುತ್ತಿದ್ದ ಗ್ರಹಣದ ಮೇಷ್ಟ್ರು ಅವತ್ತು ಅದು ಮುಗಿಯದಿರಲೆಂದು ದೇವರನ್ನು ಮನಸಾರೆ ಬೇಡಿಕೊಂಡರು. ತುದಿಗಾಲಲ್ಲಿ ಕಂಬದ ಬಳಿ ಹೋಗಿ, ತಿರುಪು ಸಡಿಲಿಸಿ, ಕೈಗಡಿಯಾರ ನೋಡಿಕೊಂಡು ತಟ್ಟೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ತಿರುಗಿಸಿದರು. ಟೀಚರಮ್ಮ ಅಡುಗೆಯವರ ಕ್ಷೇಮಕ್ಕಾಗಿ ಪ್ರಾರ್ಥಿಸುವ ಹೊತ್ತಿಗೆ ತಿರುಪು ಬಿಗಿದು ಮೊದಲಿನ ಜಾಗದಲ್ಲಿ ಕೈಕಟ್ಟಿ ನಿಂತಿದ್ದರು.

ಕಣ್ಣು ತೆರೆದವರು ತಟ್ಟೆಯತ್ತ ಓಡಿದರು. ನೆರಳು ಇರಬೇಕಾದ ಗೆರೆಯ ಮೇಲೆಯೇ ಇತ್ತು. ಲೆಕ್ಕದ ಮೇಷ್ಟ್ರು ಮೂರು ಜನರ ಕೈಗಡಿಯಾರ ನೋಡಿ, ಬಂದು ಗ್ರಹಣದ ಮೇಷ್ಟ್ರ ಕೈಕುಲುಕಿದರು. ದೊಡ್ಡ ತರಗತಿಯ ಹುಡುಗರು ಮೇಷ್ಟ್ರನ್ನು ಹೆಗಲ ಮೇಲೆ ಎತ್ತಿಕೊಂಡು ಅಂಗಳ ಸುತ್ತಿದರು. ಅಷ್ಟೆತ್ತರದಿಂದ ಅವರಿಗೆ ಹೆಡ್ಮಾಸ್ಟರ ಕೋಣೆಯ ಕಿಟಕಿ, ಕಿಟಕಿಯೊಳಗೆ ಖಾಲಿ ಕುರ್ಚಿ ಚೆನ್ನಾಗಿ ಕಂಡವು. ಅವರಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅವರನ್ನು ಇಳಿಸಿದ ಮೇಲೆ ಹೆಡ್ಮಾಸ್ಟರು ಮುಂದೆ ಬಂದರು. ಕಣ್ಣಲ್ಲಿ ನೀರಿತ್ತು. ಟೀಚರಮ್ಮನ ಕಡೆ ತಿರುಗಿ, ಹಿಜ್ಕೀಯನ ಕತೆಯನ್ನು ಮಕ್ಕಳಿಗೆ ಮೊದಲಿಂದ ಹೇಳಿ ಎಂದರು.

ಟೀಚರಮ್ಮ ಹೇಳಿದರು. ರಾಜ ಕಾಯಿಲೆ ಬಿದ್ದಿದ್ದ. ಅವನಿಗೆ ಎದ್ದದ್ದು ಒಂದು ಕುರು. ಬದುಕುವುದಿಲ್ಲ, ಮನೆಯ ವ್ಯವಸ್ಥೆ ಮಾಡಿಕೋ ಎಂದು ಪ್ರವಾದಿಯೇ ಹೇಳಿಯಾಗಿತ್ತು. ರಾಜ ಅತ್ತು ಬೇಡಿಕೊಂಡ. ದೇವರು ಕರುಣೆಯಿಟ್ಟು ಅವನಿಗೆ ಇನ್ನೂ ಹದಿನೈದು ವರ್ಷ ಕೊಟ್ಟ. ಕೊಟ್ಟದ್ದಕ್ಕೆ ಗುರುತಾಗಿ, ಆ ಕಾಲದಲ್ಲಿ ಹೊತ್ತು ಅಳೆಯುತ್ತಿದ್ದ ಮೆಟ್ಟಿಲುಗಳ ಮೇಲೆ ನೆರಳನ್ನು ಹತ್ತು ಮೆಟ್ಟಿಲು ಹಿಂದೆ ಸರಿಸಿದ.

ಗ್ರಹಣದ ಮೇಷ್ಟ್ರು ಆ ಕತೆಯಲ್ಲಿ ಓದಿದ್ದು ನೆರಳಿನ ಭಾಗ ಮಾತ್ರ. ಕುರುವಿನ ಭಾಗದಲ್ಲಿ ಖಗೋಳವಿಲ್ಲವೆಂದು ಬಿಟ್ಟಿದ್ದರು.

"ಟೀಚರಮ್ಮ ಒಬ್ಬರೇ ಹೇಳಿದ್ರೆ ನಾನು ನಂಬ್ತಿರಲಿಲ್ಲ," ಎಂದರು ಹೆಡ್ಮಾಸ್ಟರು. "ನಮ್ಮ ವಿಜ್ಞಾನದ ಮೇಷ್ಟ್ರೇ ನಿಂತು ಸಾಬೀತು ಮಾಡಿದ ಮೇಲೆ ಇನ್ನೇನಿದೆ? ನನಗೂ ಹದಿನೈದು ವರ್ಷ ಸಿಕ್ಕಿದೆ. ನಿವೃತ್ತಿಯ ಮಾತು ಇಲ್ಲಿಗೆ ಮುಗೀತು."

ಮೇಷ್ಟ್ರು ಹೆಡ್ಮಾಸ್ಟರ ಮುಂದೆ ಹೋಗಿ ನಿಂತರು. ಹೋದರೆ ಕೆಲಸ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, "ಸರ್, ತಟ್ಟೆ ಬಿಚ್ಚಿದ್ದು ನಾನು. ತಿರುಗಿಸಿದ್ದೂ ನಾನೇ," ಎಂದುಬಿಟ್ಟರು.

ಎಂಥ ವಿನಯ ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಮೊದಲು ಅಡ್ಡ ಬಂದವರು ಲೆಕ್ಕದ ಮೇಷ್ಟ್ರು. ಆ ಕುರ್ಚಿ ತಮಗೆ ಸಿಗದಿದ್ದರೂ ಇವರಿಗೂ ಸಿಗುವುದಿಲ್ಲವೆಂಬುದು ಅವರಿಗೆ ಅಷ್ಟರಲ್ಲೇ ಹೊಳೆದಿತ್ತು. ಯಾರೂ ಮುಟ್ಟಿಲ್ಲವೆಂದು ಇಡೀ ಶಾಲೆಯ ಮುಂದೆ ಹೇಳಿದವರು ನೀವೇ, ಮಂಜಿನ ಹರಳು, ಹುಸಿಸೂರ್ಯ ಎಂದು ಎಳೆಎಳೆಯಾಗಿ ಬಿಡಿಸಿಟ್ಟವರೂ ನೀವೇ, ನೀವು ಮಕ್ಕಳಿಗೆ ಸುಳ್ಳು ಕಲಿಸುವವರಲ್ಲ ಎಂದು ಅವರು ಮೇಷ್ಟ್ರ ಬೆನ್ನು ತಟ್ಟಿದರು. ಮಕ್ಕಳು ಹೋ ಎಂದು ಕೂಗಿ ಮತ್ತೆ ಚಪ್ಪಾಳೆ ತಟ್ಟತೊಡಗಿದರು.

ಹೆಡ್ಮಾಸ್ಟರಿಗಾಗಿ ತಂದಿದ್ದ ಬೀಳ್ಕೊಡುಗೆಯ ಹಾರ ಉಳಿದಿತ್ತು. ಅದನ್ನು ಹೆಡ್ಮಾಸ್ಟರು ತಮ್ಮ ಕೈಯಾರೆ ಗ್ರಹಣದ ಮೇಷ್ಟ್ರ ಕೊರಳಿಗೆ ಹಾಕಿದರು. ಆಮೇಲೆ ಕೋಲನ್ನು ಕೂಡ ಅವರ ಕೈಗೇ ಕೊಟ್ಟು, ನೆಟ್ಟಗೆ ನಡೆದು ತಮ್ಮ ಕೋಣೆಗೆ ಹೋಗಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಆರಾಮಾಗಿ ಒರಗಿದರು.