ಸಾಹೇಬರಿಗಾಗಿ ಕಾಯ್ದಿಟ್ಟ ಠೂ

ಅಹಿಂಸೆಯನ್ನು ಕಲಿಸಬೇಕಾದರೆ ಮೊದಲು ಒಂದು ಜಗಳ ಇರಬೇಕೆಂಬುದು ೧೯೭೪ರಲ್ಲಿ ಕುರುಗೋಡಿನ ಒಂದು ಹೈಸ್ಕೂಲಿಗೆ ಅಧಿಕೃತವಾಗಿ ತಿಳಿದುಬಂತು. 'ಸೌಹಾರ್ದ ಸಪ್ತಾಹ'ದ ಸುತ್ತೋಲೆಯ ಪ್ರಕಾರ ಪ್ರತಿ ಶಾಲೆಯೂ ಒಂದು ಜಗಳವನ್ನು ಗೊತ್ತುಮಾಡಿಕೊಂಡು, ಬಳ್ಳಾರಿಯಿಂದ ಬರುವ ಇನ್‌ಸ್ಪೆಕ್ಟರ್ ಸಾಹೇಬರ ಸಮಕ್ಷಮದಲ್ಲಿ ರಾಜಿ ಮಾಡಿಸತಕ್ಕದ್ದು.

ಗಂಡುಹುಡುಗರ ಜಗಳಕ್ಕೇನೂ ಬರವಿರಲಿಲ್ಲ. ಆದರೆ ಅದರಲ್ಲಿ ರಕ್ತ ಬರುತ್ತಿತ್ತು, ದೊಡ್ಡವರಿಗೆ ತೋರಿಸುವಂತಿರಲಿಲ್ಲ. ಹೀಗಿರುವಾಗ ಒಂಬತ್ತನೇ ತರಗತಿಯ ಜಹೀದಾ ಮತ್ತು ಅವಳ ಜೀವದ ಗೆಳತಿ ಕೊಟ್ರಬಸಮ್ಮ ಹುಣಸೆಕಾಯಿ ಪಾಲು ಮಾಡುವಾಗ ಮುನಿಸಿಕೊಂಡು, ಕಿರುಬೆರಳು ತಾಗಿಸಿ ಠೂ ಬಿಟ್ಟು ಮಾತು ನಿಲ್ಲಿಸಿದರು. ಪೌರನೀತಿ ಪಾಠದ ಮೈಲಾರಪ್ಪ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಗಂಟೆ ಹೊಡೆಯುವಷ್ಟರಲ್ಲಿ ಇಬ್ಬರ ಸಿಟ್ಟೂ ಇಳಿದಿತ್ತು. "ಏ ಕೊಟ್ರೀ, ಬಾರೇ," ಎಂದು ಜಹೀದಾ ಕರೆದಳು. ಮೇಷ್ಟ್ರು ಓಡಿಬಂದು ನಡುವೆ ನಿಂತರು.

"ತಡಿಯವ್ವಾ! ನಿಮ್ಮ ಜಗಳ ಈಗ ಸರ್ಕಾರದ್ದು. ಸಾಹೇಬ್ರು ಬರೋತನಕ ಮುಟ್ಟಂಗಿಲ್ಲ."

"ಸಿಟ್ಟೇ ಇಲ್ಲಲ್ರಿ ಸಾರ್."

"ಅವ್ರು ಸಿಟ್ಟು ಕೇಳಿಲ್ಲವ್ವಾ, ಜಗಳ ಕೇಳ್ಯಾರ."

ಮರುದಿನ ಪ್ರಕಟಣೆ ಹೊರಬಿತ್ತು: "ಸದರಿ ಠೂ ಶಾಲೆಯ ಸ್ವತ್ತಾಗಿದ್ದು, ಸದರಿ ವಿದ್ಯಾರ್ಥಿನಿಯರು ಪರಸ್ಪರ ಮಾತನಾಡುವುದು, ನಗುವುದು ಹಾಗೂ ಬುತ್ತಿ ಹಂಚಿಕೊಳ್ಳುವುದನ್ನು ನಿಷೇಧಿಸಲಾಗಿದೆ." ಅಹಿಂಸೆಗೆ ಭಂಗ ಬಾರದಂತೆ ನೋಡಿಕೊಳ್ಳಲು ಡ್ರಿಲ್ ಮೇಷ್ಟ್ರು ಹೊಸ ಬೆತ್ತ ತರಿಸಿದರು.

ಸಾಹೇಬರು ಬರಲಿಲ್ಲ. ಮೊದಲು ಜೀಪು ಕೆಟ್ಟಿತು. ಆಮೇಲೆ ಸಿರುಗುಪ್ಪದಲ್ಲಿ ಇದಕ್ಕಿಂತ ಒಳ್ಳೆಯ ಜಗಳ ಸಿಕ್ಕಿದೆಯೆಂದು ಅಲ್ಲಿಗೆ ಹೋದರು.

ಜಹೀದಾಗೆ ಅವಸರವಿತ್ತು. ಕೊಟ್ರಬಸಮ್ಮನ ಅಪ್ಪನಿಗೆ ವರ್ಗವಾಗಿ, ಬೇಸಿಗೆ ರಜೆಗೆ ಅವರು ಊರನ್ನೇ ಬಿಡುವವರಿದ್ದರು. ಅಷ್ಟರೊಳಗೆ ಅವಳೊಂದಿಗೆ ಆಡಬೇಕಾದ ಮಾತು ಹೊಟ್ಟೆ ತುಂಬ ಇತ್ತು.

"ಸಾಲ್ಯಾಗ ಬ್ಯಾಡಂದ್ರ ಓಣ್ಯಾಗ ಮಾತಾಡ್ಸು," ಎಂದಳು ತಾಯಿ ಫಕೀರಬಿ. ಓಣಿಯೂ ಶಾಲೆಯ ವ್ಯಾಪ್ತಿಗೆ ಸೇರತಕ್ಕದ್ದೆಂದು ಕೂಡಲೇ ತಿದ್ದುಪಡಿ ಬಂತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೊಟ್ರಬಸಮ್ಮನ ಬೆಂಚಿನಿಂದ ಗುರೆಳ್ಳು ಚಟ್ನಿಯ ವಾಸನೆ ಬಂದು ಜಹೀದಾಗೆ ಅಳು ತಡೆಯಲಾಗುತ್ತಿರಲಿಲ್ಲ. ಅದನ್ನು ಕಂಡ ಮೈಲಾರಪ್ಪ ಮೇಷ್ಟ್ರು, ಜಗಳ ಚೆನ್ನಾಗಿ ಬಲಿಯುತ್ತಿದೆಯೆಂದು ಹೆಡ್‌ಮೇಷ್ಟ್ರಿಗೆ ವರದಿ ಒಪ್ಪಿಸಿದರು. ಶಿವರಾತ್ರಿ ಕಳೆಯುವ ಹೊತ್ತಿಗೆ ಅಳು ನಿಂತಿತು. ಕೊಟ್ರಬಸಮ್ಮ ಬೇರೆಯವರೊಂದಿಗೆ ರೊಟ್ಟಿ ತಿನ್ನತೊಡಗಿದಳು, ಜಹೀದಾ ಗೋಡೆಗೆ ಮುಖಮಾಡಿ ಉಣ್ಣುವುದನ್ನು ರೂಢಿ ಮಾಡಿಕೊಂಡಳು.

ಪರೀಕ್ಷೆ ಮುಗಿದ ದಿನ ಸಾಹೇಬರು ಬಂದರು. ಹಾರ ಹಾಕಿಸಿಕೊಂಡು, ಭಾಷಣ ಮಾಡಿ, ಇಬ್ಬರ ಕೈ ಹಿಡಿದು ಕೂಡಿಸಿದರು. ಚಪ್ಪಾಳೆ ಬಿತ್ತು.

"ಇನ್ನ ಮಾತಾಡ್ರವ್ವಾ," ಎಂದರು ಮೈಲಾರಪ್ಪ.

ಜಹೀದಾ ಗೆಳತಿಯ ಮುಖ ನೋಡಿದಳು. ಕೂಡಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಆರಾಮ ಅದೀರೇನ್ರಿ?" ಎಂದಳು.

"ಹೂನ್ರಿ," ಎಂದಳು ಕೊಟ್ರಬಸಮ್ಮ.

ಇಷ್ಟು ಎಳೆಯ ವಯಸ್ಸಿನಲ್ಲೇ ಇಂಥ ಪರಸ್ಪರ ಗೌರವವನ್ನು ತಾವು ಜಿಲ್ಲೆಯಲ್ಲೆಲ್ಲೂ ಕಂಡಿಲ್ಲವೆಂದು ಸಾಹೇಬರು ಕಣ್ಣೊರೆಸಿಕೊಂಡು, ಮುಂದಿನ ವರ್ಷಕ್ಕೆ ಎರಡು ಜಗಳಗಳನ್ನು ಮಂಜೂರು ಮಾಡಿದರು. ಸಂಜೆಯಿಂದಲೇ ಊರ ತಂದೆತಾಯಿಯರು, ತಮ್ಮ ಮಕ್ಕಳಿಗೂ ಒಂದು ಠೂ ಕೊಡಿಸಬೇಕೆಂದು ಮೈಲಾರಪ್ಪನವರ ಮನೆಗೆ ಬರತೊಡಗಿದರು.