ಮುದುಕ ಯಾಕೆ ಎದ್ದು ಹೋದ?

ನಾನು ಕಾದಂಬರಿಕಾರನಾದ ಸಂಗತಿ ನನ್ನ ಮನೆಯವರ ಗಮನಕ್ಕೆ ಬರಲು ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನನ್ನ ಹೆಂಡತಿ ರೌಶನ್, ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ ಎಂದೇ ನಂಬಿದ್ದಳು. (ನಂಬಿದ್ದರಿಂದಲೇ ಆ ಹೊತ್ತಿನಲ್ಲಿ ಒಲೆಗೆ ಕಲ್ಲಿದ್ದಲು ಹಾಕಿ, ಅಂಗಳ ಗುಡಿಸಿ ಎಂದು ಕಾಡುತ್ತಿರಲಿಲ್ಲ.) ಗುಟ್ಟು ರಟ್ಟಾದ ದಿನ ನಾನು ಎದೆಯುಬ್ಬಿಸಿಕೊಂಡು ಮೊದಲ ಅಧ್ಯಾಯವನ್ನು ಅವಳಿಗೆ ಓದಿ ಹೇಳಿದೆ. ಸಿರ್ ದರಿಯಾ ನದಿಯ ದಡದ ನಮ್ಮ ಊರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರುಗಳು ಬೇಕಾದಷ್ಟಿದ್ದಾರೆ, ಕಾದಂಬರಿಕಾರ ಮಾತ್ರ ನಾನೊಬ್ಬನೇ.

ಕಥೆ ಗಂಭೀರವಾದದ್ದು. ದೊಡ್ಡ ಔತಣ ನಡೆಯುತ್ತಿದೆ. ಮುಕಾಶ್ ಎಂಬ ಮುದುಕ ಊಟದ ಮಧ್ಯೆ ತಟ್ಟನೆ ಎದ್ದು, ಟೋಪಿ ಹಾಕಿಕೊಂಡು ಹೊರಟುಹೋಗುತ್ತಾನೆ. ಆಮೇಲೆ ಇಪ್ಪತ್ತು ವರ್ಷ ಮಗನ ಜೊತೆ ಮಾತಿಲ್ಲ.

ರೌಶನ್ ಹಿಟ್ಟು ಲಟ್ಟಿಸುವುದನ್ನು ನಿಲ್ಲಿಸದೆ ಕೇಳಿದಳು. "ಮುದುಕ ಯಾಕೆ ಎದ್ದು ಹೋದ?"

"ಅದೇ ಕುತೂಹಲ."

"ಓದೋರಿಗೆ ಕುತೂಹಲ, ಸರಿ. ನಿಮಗೆ ಗೊತ್ತಾ?"

ನಾನು ಮುಂದಿನ ಹಾಳೆ ಹುಡುಕತೊಡಗಿದೆ.

"ಗೊತ್ತಿಲ್ಲ ಅನ್ನಿ. ಬಿಸಿಬಿಸಿ ಮಾಂಸ ಬಿಟ್ಟು ಯಾರಾದ್ರೂ ಸುಮ್ಸುಮ್ನೆ ಏಳ್ತಾರೇನ್ರೀ? ಕಾರಣ ಬೇಕಲ್ಲ. ಇಲ್ಲಾಂದ್ರೆ ಮುದುಕನಿಗೆ ತಲೆ ಕೆಟ್ಟಿದೆ ಅಂತಾರೆ. ಬರೆದೋರಿಗೂ ಅಂತಾರೆ."

ಮಾತು ನಾಟಿತು. ಬಲ ಪ್ರಯೋಗಿಸದೆ ಯಾವ ವಸ್ತುವೂ ಇದ್ದಲ್ಲಿಂದ ಕದಲುವುದಿಲ್ಲ ಎಂದು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದವನು ನಾನೇ. ನನ್ನ ಮುದುಕ ಮಾತ್ರ ಯಾವ ಬಲವೂ ತಾಗದೆ ಇಪ್ಪತ್ತು ವರ್ಷ ದೂರ ಉರುಳಿಬಿಟ್ಟಿದ್ದ. ಇದರ ಮೇಲೆ, ಬರುವ ಭಾನುವಾರ ಊಟಕ್ಕೆ ಬರಲಿದ್ದ ಬೀಗರ ಮುಂದೆ ಎರಡನೇ ಅಧ್ಯಾಯ ಓದುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅಷ್ಟರೊಳಗೆ ಕಾರಣ ಸಿಗಲೇಬೇಕಿತ್ತು.

ಅದೃಷ್ಟಕ್ಕೆ ಕಚ್ಚಾ ಸಾಮಗ್ರಿ ಮನೆಯಲ್ಲೇ ಇತ್ತು. ನಮ್ಮ ಪದ್ಧತಿಯಂತೆ, ನಾನು ಕಿರಿಯ ಮಗನಾದ್ದರಿಂದ ಎಂಬತ್ತಮೂರು ವರ್ಷದ ನಮ್ಮಪ್ಪ ಇರುವುದು ನನ್ನ ಮನೆಯಲ್ಲೇ. ಅಪ್ಪನಿಗೆ ಯಾವುದರಿಂದ ಕೋಪ ಬರುತ್ತದೋ ಮುಕಾಶನಿಗೂ ಅದರಿಂದಲೇ ಬಂದಿರಲಿ ಎಂದು ನಿಶ್ಚಯಿಸಿ ಪ್ರಯೋಗ ಶುರುಮಾಡಿದೆ.

"ಅಪ್ಪ, ನಿಮ್ಮ ಕುದುರೆ ಜೀನು ಮಾರಿಬಿಟ್ಟೆ." (ಸುಳ್ಳು.)

"ಒಳ್ಳೇದಾಯ್ತು ಮಗಾ. ಅದ್ರ ಮೇಲೆ ಕೂರೋ ಸೊಂಟ ಇನ್ನೆಲ್ಲಿದೆ?"

ಮರುದಿನ ಚಹಾ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಕೊಟ್ಟೆ. ನಮ್ಮಲ್ಲಿ ಹಾಗೆ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದರ್ಥ. ಅಪ್ಪ ಪೂರ್ತಿ ಕುಡಿದು, "ಇವತ್ತು ನಿನ್ನ ಕೈ ಧಾರಾಳವಾಗಿದೆ," ಎಂದು ಮೆಚ್ಚಿಕೊಂಡರು.

"ಮಾವನ್ನ ಯಾಕ್ರೀ ಹೀಗೆ ಗೋಳು ಹುಯ್ಕೊಳ್ತೀರಾ?" ಎಂದಳು ರೌಶನ್.

"ಸಂಶೋಧನೆ," ಎಂದೆ ಗತ್ತಿನಿಂದ.

ಭಾನುವಾರ ಬಂತು, ಕಾರಣ ಬರಲಿಲ್ಲ. ಅತಿಥಿಗಳನ್ನು ಉಪಚರಿಸುವ ಮನೆಯವನಾಗಿ ನಾನು ಬಾಗಿಲ ಕಡೆ ಕೂರಬೇಕಾದವನು, ಕಾದಂಬರಿಯ ಬಲದಿಂದ ಅಪ್ಪನಿಗೂ ಬೀಗರಾದ ಓರಿನ್‌ಬಾಯ್ ಅವರಿಗೂ ನಡುವೆ ಹೋಗಿ ಕೂತೆ. ಪಾತ್ರದ ಅಂತರಂಗವನ್ನು ಶೋಧಿಸುವ ಕಷ್ಟವನ್ನು ನಾನು ವರ್ಣಿಸುತ್ತಿದ್ದಾಗ ಬೇಯಿಸಿದ ಕುರಿತಲೆಯ ತಟ್ಟೆ ಬಂತು. ಅತಿಥಿಗೆ ಸಲ್ಲುವ ಗೌರವವೆಂದು ಅದನ್ನು ಬೀಗರ ಕೈಗೆ ಕೊಟ್ಟರು. ಅವರು, "ಹಿರಿಯರು ಇರುವಾಗ ನಾನ್ಯಾವ ದೊಡ್ಡವನು," ಎಂದು ಅಪ್ಪನ ಕಡೆಗೆ ದಾಟಿಸಿದರು. ಅಂದರೆ, ನನ್ನ ಮುಂದಿನಿಂದ.

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. "ಈ ಗೌರವ ನನಗಲ್ಲ, ಸಾಹಿತ್ಯಕ್ಕೆ," ಎಂದು ವಿನಯದಿಂದ ನುಡಿದು, ಚಾಕು ಎತ್ತಿ ಕೆನ್ನೆಯ ಮಾಂಸ ಕೊಯ್ದೆ.

ಊಟಕ್ಕೆ ಹಾಸಿದ ದಸ್ತರ್ಖಾನಿನ ಸುತ್ತ ಕೂತವರೆಲ್ಲ ಅಪ್ಪನ ಕಡೆ ತಿರುಗಿದರು. ತಂದೆ ಬದುಕಿರುವವನು ಕುರಿತಲೆಗೆ ಚಾಕು ಮುಟ್ಟಿಸಬಾರದು ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಪ್ಪ ನಿಧಾನವಾಗಿ ಎದ್ದರು. ಟೋಪಿ ಹಾಕಿಕೊಂಡರು. ಹೊರಟುಹೋದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಕಾರಣ ಸಿಕ್ಕಿತ್ತು. ಪೆನ್ಸಿಲಿಗಾಗಿ ಜೇಬು ತಡಕಿಯೂ ಬಿಟ್ಟೆ. ಆಮೇಲೆ ಅಪ್ಪ ಒರಗಿದ್ದ ಪಕ್ಕದ ಖಾಲಿ ದಿಂಬು ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಮಾತಿಲ್ಲ ಎಂದು ಎಷ್ಟು ಸಲೀಸಾಗಿ ಬರೆದಿದ್ದೆ. ಎಂಬತ್ತಮೂರಕ್ಕೆ ಇಪ್ಪತ್ತನ್ನು ಕೂಡಿಸಿ ನೋಡಿದೆ. ಬರಿಗಾಲಲ್ಲೇ ಅಂಗಳಕ್ಕೆ ಓಡಿದೆ.

ಅಪ್ಪ, ಕೆಂಡ ಹಾಕಿ ಚಹಾ ನೀರು ಕಾಯಿಸುವ ಸಮೋವಾರಿನ ಹತ್ತಿರ ಕೈ ಕಾಯಿಸಿಕೊಳ್ಳುತ್ತಿದ್ದರು.

"ಅಪ್ಪ, ತಪ್ಪಾಯ್ತು. ನೀವು ಇರೋ ಹಾಗೇ ನಾನು..."

"ನೀನು ಚಾಕು ಹಾಕಿದೆ ಅಂತ ನಾನೇನು ಸತ್ತುಹೋದ್ನಾ?"

"ಮತ್ಯಾಕೆ ಎದ್ದು ಬಂದ್ರಿ?"

"ಅಲ್ಲೇ ಇದ್ದಿದ್ರೆ ಬೈಬೇಕಾಗ್ತಿತ್ತು. ಬೀಗರ ಮುಂದೆ ಮಗನ್ನ ಬೈಯೋಕಾಗತ್ತಾ? ನಿನ್ನ ಮರ್ಯಾದೆ ಉಳೀಲಿ ಅಂತ ಎದ್ದೆ." ಕೆಂಡವನ್ನು ಕೆದಕಿ ಮತ್ತೆ ಹೇಳಿದರು. "ನಿನ್ನ ಪುಸ್ತಕದ ಮುದುಕನೂ ಅದಕ್ಕೇ ಎದ್ದಿರ್ತಾನೆ."

"ನಿಮಗೆ ಅದು ಹೇಗೆ ಗೊತ್ತು?"

"ಬರೀತಾ ಬರೀತಾ ಗಟ್ಟಿಯಾಗಿ ಓದ್ಕೋತೀಯಲ್ಲ, ಗೋಡೆ ತೆಳ್ಳಗಿದೆ. ಅವನ ಸಿಟ್ಟು ಹೆಚ್ಚಂದ್ರೆ ಒಂದು ಸಮೋವಾರ್ ಕುದಿಯೋ ಅಷ್ಟು ಹೊತ್ತು ಮಗಾ. ಇಪ್ಪತ್ತು ವರ್ಷ ಯಾಕಾಯ್ತು ಗೊತ್ತಾ? ಮಗ ಹಿಂದೆ ಬರಲಿಲ್ಲ."

ಇಷ್ಟು ದಿನ ಮುದುಕನ ಎದೆಯೊಳಗೆ ಹುಡುಕಿದ ಕಾರಣ ಅಲ್ಲಿರಲೇ ಇಲ್ಲ, ಮಗನ ಹತ್ತಿರ ಇತ್ತು. ಇಂಥ ಅಪ್ಪನ ಮಗ ನಾನು ಎಂಬ ಹೆಮ್ಮೆಯಿಂದ ಅವರ ಕೈ ಹಿಡಿದು ಒಳಗೆ ಕರೆತಂದು, ಕಾದಂಬರಿಯ ಗಂಟು ಬಿಡಿಸಿದವರು ನಮ್ಮಪ್ಪ ಎಂದು ಎಲ್ಲರೆದುರು ಸಾರಿದೆ.

"ಹಾಗಾದ್ರೆ ಬರೆದೋರು ಹಿರಿಯರೇ ಅನ್ನಿ," ಎಂದರು ಓರಿನ್‌ಬಾಯ್.

"ಇವರದು ಅಕ್ಷರ ದುಂಡಗಿದೆ, ಪ್ರತಿ ಮಾಡೋಕೆ ಸಾಕು," ಎಂದಳು ರೌಶನ್. ನನ್ನ ಕಾದಂಬರಿ ಕೈಬದಲಾಗಲು ಇಷ್ಟೇ ಹೊತ್ತು ಹಿಡಿದದ್ದು.

ತಲೆಯ ತಟ್ಟೆ ಈಗ ಅಪ್ಪನ ಮುಂದಿತ್ತು. ಬೀಗರಿಗೆ ಒಳ್ಳೆಯ ತುಂಡು ಕೊಟ್ಟು, ಅಪ್ಪ ಒಂದು ಕಿವಿ ಕೊಯ್ದರು. ಹಿರಿಯರ ಮಾತು ಕೇಳುವುದನ್ನು ಕಲಿಯಲಿ ಎಂದು ಕಿವಿಯನ್ನು ನಾವು ಮಕ್ಕಳಿಗೆ ಕೊಡುವುದು. ಬೀಗರ ಜೊತೆ ಬಂದಿದ್ದ ಅವರ ಐದು ವರ್ಷದ ಮೊಮ್ಮಗಳು ಆಗಲೇ ಕೈ ಒಡ್ಡಿದ್ದಳು. ಅಪ್ಪನ ಕೈ ಅವಳನ್ನು ದಾಟಿ ನನ್ನ ಹತ್ತಿರ ಬಂತು.

"ತಿನ್ನು ಮಗಾ."

ಐವತ್ತೆರಡು ವರ್ಷದ ನಾನು ಬೀಗರೆದುರು ಕಿವಿ ತಿಂದೆ. ಇನ್ನೊಂದು ಕಿವಿ ಆ ಮಗುವಿಗೆ ಸಿಕ್ಕಿತು. ಅವಳು ಅದನ್ನು ಅಗಿಯುತ್ತ ನನ್ನ ಪಕ್ಕಕ್ಕೆ ಸರಿದು ಕೂತು, ಮೆಲ್ಲಗೆ ಕೇಳಿದಳು: "ನೀನೂ ಹೇಳಿದ ಮಾತು ಕೇಳಲ್ವಾ?"